ಪರಮಗೀತೆಯೂ ಅದರ ಭಾಷ್ಯಕಾರರೂ

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಎಂಟೇ ಅಧ್ಯಾಯಗಳ ಒಂದು ಕಿರುಕಾವ್ಯವುಂಟು. ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ಪರಮಗೀತೆ ಎಂದು ಹೆಸರು. ಹೀಬ್ರೂ ಮೂಲದಲ್ಲಿ ಅದರ ಪ್ರಮಾಣ 117 ವಾಕ್ಯಗಳು ಮಾತ್ರ. ಇಷ್ಟು ಚಿಕ್ಕ ಕೃತಿಯೊಂದು ಎರಡು ಸಾವಿರ ವರ್ಷಗಳ ಕಾಲ ಯೆಹೂದ್ಯ ಮತ್ತು ಕ್ರೈಸ್ತ ಪಂಡಿತರನ್ನು ಕಾಡಿದಷ್ಟು ಆ ಗ್ರಂಥದ ಬೇರೆ ಭಾಗಗಳು ಕಾಡಿರುವುದು ವಿರಳ. ಏಕೆಂದರೆ ಈ ಕಾವ್ಯದಲ್ಲಿ ದೇವರ ಪ್ರಸ್ತಾಪವೇ ಇಲ್ಲ. ಕೊನೆಯ ಅಧ್ಯಾಯದ ಒಂದು ಪದದ ತುದಿಯಲ್ಲಿ ದೇವನಾಮದ ಹ್ರಸ್ವರೂಪವೊಂದು ಅಡಗಿದೆಯೆಂದು ಕೆಲವರು ಹೇಳುವರಾದರೂ ಅದು ವಿವಾದಕ್ಕೆ ಒಳಪಟ್ಟ ಮಾತು. ಪ್ರಾರ್ಥನೆಯಿಲ್ಲ, ಧರ್ಮವಿಧಿಯಿಲ್ಲ, ಪಾಪಪುಣ್ಯಗಳ ಚರ್ಚೆಯಿಲ್ಲ. ಇರುವುದು ಒಬ್ಬ ತರುಣಿ, ಒಬ್ಬ ತರುಣ. ಅವರ ಮುತ್ತಿನ ಹಂಬಲ, ಅಗಲಿಕೆ, ಹುಡುಕಾಟ, ಪರಸ್ಪರ ಅಂಗಾಂಗಗಳ ವರ್ಣನೆ. ಸುತ್ತಲೂ ದ್ರಾಕ್ಷಿತೋಟ, ದಾಳಿಂಬೆ, ಜಿಂಕೆ, ಪಾರಿವಾಳ, ಲೆಬನೋನಿನ ಗಾಳಿ. ಬಿಸಿಲಲ್ಲಿ ದುಡಿದು ಕಪ್ಪಾದ ಆ ಹೆಣ್ಣು ತನ್ನ ಬಣ್ಣಕ್ಕೆ ನಾಚದೆ ತಾನು ಚೆಲುವೆಯೆಂದು ಸಾರುತ್ತಾಳೆ. ಒಂದು ಇರುಳು ನಲ್ಲನನ್ನು ಅರಸಿ ಹೊರಟಾಗ ಊರಿನ ಕಾವಲುಗಾರರ ಕೈಯಲ್ಲಿ ಪೆಟ್ಟು ತಿನ್ನುತ್ತಾಳೆ.

ಇಂತಹ ಕಾವ್ಯ ಧರ್ಮಗ್ರಂಥದೊಳಗೆ ಏಕಿದೆ ಎಂಬುದು ಒಂದು ಪ್ರಶ್ನೆ. ಇದೆಯೆಂದ ಮೇಲೆ ಇದನ್ನು ಹೇಗೆ ಓದಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಸೊಲೊಮೋನ ದೊರೆಯ ಹೆಸರು ಇದಕ್ಕೆ ಅಂಟಿಕೊಂಡಿದ್ದುದು ಸಹಾಯ ಮಾಡಿರಬೇಕು. ಆದರೆ ಭಾಷಾಶಾಸ್ತ್ರಜ್ಞರು ಇದರಲ್ಲಿ ಪಾರಸೀಕ ಮೂಲದ ಶಬ್ದಗಳನ್ನು ಗುರುತಿಸಿ, ಈಗಿರುವ ರೂಪ ಸೊಲೊಮೋನನಿಗಿಂತ ಬಹಳ ಈಚಿನದೆಂದು ಹೇಳುತ್ತಾರೆ. ಪ್ರಸ್ತುತ ಲೇಖನದ ವಿಷಯ ಎರಡನೆಯ ಪ್ರಶ್ನೆ. ಶರಣಸತಿ-ಲಿಂಗಪತಿ ಭಾವದಲ್ಲಿ ಬೆಳೆದ ನಮ್ಮ ವಾಚಕರಿಗೆ ಈ ಪ್ರಶ್ನೆ ಪರಕೀಯವೆನಿಸಲಾರದು. ಆದರೆ ಸಾಮ್ಯವನ್ನು ಕಂಡೊಡನೆ ಎರಡೂ ಒಂದೇ ಎಂದು ತೀರ್ಮಾನಿಸುವ ಅವಸರ ಬೇಡ. ಅದರ ವಿಚಾರ ಮುಂದೆ ಬರಲಿದೆ.

ರೂಪಕಾರ್ಥವನ್ನು ಕ್ರೈಸ್ತರೇ ಕಲ್ಪಿಸಿದರೆಂದು ತಿಳಿಯುವುದು ಸರಿಯಲ್ಲ. ಹೋಶೇಯ, ಯೆರೆಮೀಯ, ಯೆಹೆಜ್ಕೇಲ ಮೊದಲಾದ ಪ್ರವಾದಿಗಳು ಇಸ್ರಾಯೇಲ್ ಜನಾಂಗವನ್ನು ದೇವರ ಪತ್ನಿಯೆಂದು, ಅನೇಕ ವೇಳೆ ಪತಿವ್ರತ್ಯ ತಪ್ಪಿದ ಪತ್ನಿಯೆಂದು, ಬಹು ಹಿಂದೆಯೇ ವರ್ಣಿಸಿದ್ದರು. ಆ ರೂಪಕ ಸಿದ್ಧವಾಗಿತ್ತು. ಪರಮಗೀತೆ ಅದಕ್ಕೆ ಬೇಕಾದ ದೇಹವನ್ನು ಒದಗಿಸಿತು. ಕ್ರಿ.ಶ. 135ರ ಸುಮಾರಿಗೆ ರೋಮನರ ಕೈಯಲ್ಲಿ ಮಡಿದ ರಬ್ಬಿ ಅಕೀವ, ಧರ್ಮಗ್ರಂಥಗಳೆಲ್ಲ ಪವಿತ್ರವಾದರೆ ಇದು ಪವಿತ್ರಗಳಲ್ಲಿ ಪರಮಪವಿತ್ರವೆಂದು ವಾದಿಸಿದನಂತೆ. ಔತಣದ ಮನೆಗಳಲ್ಲಿ ಇದನ್ನು ಲಾವಣಿಯಂತೆ ಹಾಡುವವನಿಗೆ ಪರಲೋಕದಲ್ಲಿ ಪಾಲಿಲ್ಲವೆಂದೂ ಅವನ ಹೆಸರಿನಲ್ಲಿ ಒಂದು ಮಾತಿದೆ. ಈ ನಿಷೇಧ ನಮಗೊಂದು ಗುಟ್ಟನ್ನು ತಿಳಿಸುತ್ತದೆ: ಔತಣದ ಮನೆಗಳಲ್ಲಿ ಜನ ಅದನ್ನು ಹಾಗೆಯೇ ಹಾಡುತ್ತಿದ್ದರು! ಕಾವ್ಯ ಎಲ್ಲಿ ಹುಟ್ಟಿತೋ ಅಲ್ಲಿಯೇ ಉಸಿರಾಡುತ್ತಿತ್ತು. ಮುಂದೆ ಅರಾಮಿಕ್ ಭಾಷೆಯ ತಾರ್ಗೂಮ್ ಎಂಬ ವಿವರಣಾನುವಾದ ಇದೇ ಪ್ರೇಮಗೀತೆಯನ್ನು, ಐಗುಪ್ತದಿಂದ ಬಿಡುಗಡೆಯಾದಂದಿನಿಂದ ಮೆಸ್ಸೀಯನ ಆಗಮನದವರೆಗಿನ ಇಸ್ರಾಯೇಲಿನ ಸಮಗ್ರ ಇತಿಹಾಸವನ್ನಾಗಿ ಮಾರ್ಪಡಿಸಿತು. ಅದರ ಪಾಂಡಿತ್ಯ ದೊಡ್ಡದು, ಕಾವ್ಯಕ್ಕೆ ಅಲ್ಲಿ ಉಳಿದ ಎಡೆ ಚಿಕ್ಕದು.

ಕ್ರೈಸ್ತರಲ್ಲಿ ಈ ದಾರಿಯನ್ನು ತುಳಿದು ಹೆದ್ದಾರಿ ಮಾಡಿದವನು ಓರಿಜನ್. ಸುಮಾರು ಕ್ರಿ.ಶ. 185ರಲ್ಲಿ ಜನಿಸಿ, ಅಲೆಕ್ಸಾಂಡ್ರಿಯದಲ್ಲಿ ಕಲಿತು ಕಲಿಸಿ, ಬಳಿಕ ಪ್ಯಾಲೆಸ್ಟೈನಿನ ಕೈಸರೈಯದಲ್ಲಿ ನೆಲೆಸಿದ ಮಹಾಪಂಡಿತ ಈತ. ಪರಮಗೀತೆಗೆ ಗ್ರೀಕ್ ಭಾಷೆಯಲ್ಲಿ ಹತ್ತು ಸಂಪುಟಗಳ ಭಾಷ್ಯ ಬರೆದನು. ಮೂಲ ನಷ್ಟವಾಗಿದೆ. ರೂಫಿನಸ್ ಲ್ಯಾಟಿನ್ನಿಗೆ ತಂದ ಪೀಠಿಕೆ ಮತ್ತು ಮೊದಲ ಮೂರು ಸಂಪುಟಗಳೂ, ಜೆರೋಮ್ ಅನುವಾದಿಸಿದ ಎರಡು ಪ್ರವಚನಗಳೂ ಉಳಿದಿವೆ. ಇತರ ಗ್ರಂಥಗಳ ಭಾಷ್ಯದಲ್ಲಿ ಎಲ್ಲರನ್ನೂ ಮೀರಿಸಿದ ಓರಿಜನ್ ಇಲ್ಲಿ ತನ್ನನ್ನೇ ಮೀರಿಸಿದನೆಂದು ಜೆರೋಮನ ಅಭಿಪ್ರಾಯ.

ಓರಿಜನ್ನನ ಯೋಜನೆ ಹೀಗಿದೆ. ಸೊಲೊಮೋನನ ಹೆಸರಿನಲ್ಲಿ ಮೂರು ಗ್ರಂಥಗಳಿವೆ: ಜ್ಞಾನೋಕ್ತಿಗಳು, ಪ್ರಸಂಗಿ, ಪರಮಗೀತೆ. ಮೊದಲನೆಯದು ನೀತಿಯನ್ನು ಕಲಿಸುತ್ತದೆ. ಎರಡನೆಯದು ಲೋಕದ ಸ್ವರೂಪವನ್ನೂ ಅದರ ಅನಿತ್ಯತೆಯನ್ನೂ ತಿಳಿಸುತ್ತದೆ. ಈ ಎರಡನ್ನೂ ದಾಟಿದವನಿಗೆ ಮಾತ್ರ ಮೂರನೆಯದು ದೇವದರ್ಶನದ ಬಾಗಿಲನ್ನು ತೆರೆಯುತ್ತದೆ. ನಮ್ಮಲ್ಲಿ ಸ್ಥಲಗಳ ಮೆಟ್ಟಿಲುಗಳನ್ನು ಬಲ್ಲವರಿಗೆ ಈ ಕ್ರಮ ಅರ್ಥವಾಗದಿರದು. ಆದ್ದರಿಂದಲೇ ದೇಹಭಾವದಲ್ಲಿ ಸಿಲುಕಿದವನು ಈ ಗ್ರಂಥವನ್ನು ಮುಟ್ಟಬಾರದೆಂದು ಅವನು ಎಚ್ಚರಿಸುತ್ತಾನೆ. ಹೀಬ್ರೂ ಗುರುಗಳು ಕೂಡ ಪಕ್ವವಯಸ್ಸಿಗೆ ಬಾರದವರ ಕೈಗೆ ಇದನ್ನು ಕೊಡುವುದಿಲ್ಲವೆಂದು ನೆನಪಿಸುತ್ತಾನೆ. ವಧು ಎಂದರೆ ಒಂದು ದೃಷ್ಟಿಯಲ್ಲಿ ಧರ್ಮಸಭೆ, ಇನ್ನೊಂದು ದೃಷ್ಟಿಯಲ್ಲಿ ಒಬ್ಬೊಬ್ಬ ಸಾಧಕನ ಆತ್ಮ, ವರನೆಂದರೆ ಕ್ರಿಸ್ತ. ಹೊರಗಿನ ಮನುಷ್ಯನಿಗೆ ಕಣ್ಣು ಕಿವಿ ಕೈಗಳಿರುವಂತೆ ಒಳಗಿನ ಮನುಷ್ಯನಿಗೂ ಇವೆ. ಕಾವ್ಯದಲ್ಲಿ ಬರುವ ಅಂಗಗಳ ಹೆಸರೆಲ್ಲ ಆ ಒಳಗಿನವಕ್ಕೆ ಸಲ್ಲತಕ್ಕವು.

ಇಲ್ಲಿ ಓರಿಜನ್ನನ ಹಿರಿಮೆಯೂ ಇದೆ, ಕೊರತೆಯೂ ಇದೆ. ಹಿರಿಮೆ ಎರಡು ಕಡೆ ಕಾಣುತ್ತದೆ. ಕಪ್ಪಾದರೂ ಚೆಲುವೆಯೆಂದು ಹೇಳಿಕೊಳ್ಳುವ ಹೆಣ್ಣಿನ ಮಾತಿಗೆ ಬಂದಾಗ ಅವನು ಮೋಶೆಯ ಕೂಷ್ ದೇಶದ ಹೆಂಡತಿಯನ್ನೂ ಶೆಬದ ರಾಣಿಯನ್ನೂ ಕರೆತಂದು, ಕುಲಗೋತ್ರಗಳ ಹೆಮ್ಮೆಯಿಲ್ಲದ ಅನ್ಯಜನರ ಧರ್ಮಸಭೆಯೇ ಈ ಕಪ್ಪು ಚೆಲುವೆ ಎಂದು ವಿವರಿಸುತ್ತಾನೆ. ಕುಲೀನರ ಮುಂದೆ ಕುಲವಿಲ್ಲದವಳು ತಲೆಯೆತ್ತಿ ಮಾತನಾಡುವ ಆ ಧ್ವನಿಯನ್ನು ಅವನು ಸರಿಯಾಗಿ ಕೇಳಿಸಿಕೊಂಡಿದ್ದಾನೆ. ಕಪ್ಪನ್ನು ಪಾಪದ ಬಣ್ಣವೆಂದು ಬಗೆದುದು ಮಾತ್ರ ಆ ವ್ಯಾಖ್ಯಾನಕ್ಕೆ ಅಂಟಿದ ಕಲೆ, ಮುಂದಿನ ಶತಮಾನಗಳಲ್ಲಿ ಅದರ ಫಲ ಒಳ್ಳೆಯದಾಗಲಿಲ್ಲ. ಇನ್ನೊಂದು, ಮೊದಲ ಪ್ರವಚನದಲ್ಲಿ ಬರುವ ಆತ್ಮನಿವೇದನೆ. ವರನು ತನ್ನ ಸಮೀಪಕ್ಕೆ ಬಂದಂತೆ ಅನೇಕ ಸಲ ಭಾಸವಾಗಿ, ಒಡನೆಯೇ ಮರೆಯಾಗಿ, ಮತ್ತೆ ಹುಡುಕಾಟಕ್ಕೆ ತನ್ನನ್ನು ದೂಡುವನೆಂದು ಆ ಪಂಡಿತ ಹೇಳಿಕೊಳ್ಳುತ್ತಾನೆ. ಅಲ್ಲಿ ಭಾಷ್ಯಕಾರ ಮರೆಯಾಗಿ ಭಕ್ತ ಕಾಣಿಸುತ್ತಾನೆ. ಕಾವ್ಯದ ನಲ್ಲನೂ ಹೀಗೆಯೇ ಬಂದು ಹೋಗುವವನು. ಆದ್ದರಿಂದ ವ್ಯಾಖ್ಯಾನ ಕಾವ್ಯಕ್ಕೆ ಹೊರಗಿನದೆನಿಸುವುದಿಲ್ಲ.

ಕೊರತೆ ಯಾವುದೆಂದರೆ, ಏಣಿಯ ಮೇಲೆ ಹತ್ತಿದ ಬಳಿಕ ಅವನು ಏಣಿಯನ್ನು ಒದೆಯುತ್ತಾನೆ. ಮಾನವಪ್ರೇಮದ ಭಾಷೆಯಿಲ್ಲದೆ ದೇವಪ್ರೇಮವನ್ನು ಹೇಳಲು ಅವನಿಗೆ ಸಾಧ್ಯವಾಗಿಲ್ಲ. ಹೇಳಿದ ಮೇಲೆ ಆ ಭಾಷೆಯನ್ನು ಕೊಟ್ಟ ಪ್ರೇಮಕ್ಕೆ ಸಲ್ಲಬೇಕಾದ ಋಣವನ್ನು ಒಪ್ಪಲೊಲ್ಲನು. ಇದು ಮದುವೆಯ ಹಾಡು, ನಾಟಕದಂತೆ ರಚಿತವಾದದ್ದು ಎಂದು ಪೀಠಿಕೆಯಲ್ಲಿ ತಾನೇ ಒಪ್ಪಿ, ಮುಂದೆ ಆ ಮದುವೆಗೆ ಸ್ವಂತ ಬೆಲೆಯೇನೂ ಇಲ್ಲವೆಂಬಂತೆ ನಡೆದುಕೊಳ್ಳುತ್ತಾನೆ. ಅವನ ಅನುಯಾಯಿಗಳಲ್ಲಿ ಈ ದೋಷ ಬೆಳೆಯಿತು.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ನಾಲ್ಕನೆಯ ಶತಮಾನದ ಕೊನೆಯಲ್ಲಿ ನಿಸ್ಸದ ಗ್ರೆಗೊರಿ ಪರಮಗೀತೆಯ ಮೇಲೆ 15 ಪ್ರವಚನಗಳನ್ನು ಮಾಡಿದನು. ದೇವರು ಅನಂತನಾದ್ದರಿಂದ ಅವನನ್ನು ಅರಸುವಿಕೆಗೂ ಕೊನೆಯಿಲ್ಲ, ಪ್ರತಿಯೊಂದು ಪ್ರಾಪ್ತಿಯೂ ಹೊಸ ಹಂಬಲದ ಆರಂಭ ಎಂಬ ಉದಾತ್ತ ವಿಚಾರ ಅಲ್ಲಿದೆ. ಆದರೆ ಐದನೆಯ ಅಧ್ಯಾಯದಲ್ಲಿ ಕಾವಲುಗಾರರು ಆ ಹೆಣ್ಣನ್ನು ಹೊಡೆದು ಗಾಯಗೊಳಿಸಿ ಮೇಲುಹೊದಿಕೆಯನ್ನು ಕಿತ್ತುಕೊಳ್ಳುವ ಪ್ರಸಂಗಕ್ಕೆ ಬಂದಾಗ ಗ್ರೆಗೊರಿ ಅದನ್ನು ಒಂದು ಅನುಗ್ರಹವೆಂದು ಓದುತ್ತಾನೆ: ಪೆಟ್ಟು ಶಿಕ್ಷಣದ ಬೆತ್ತ, ಹೊದಿಕೆ ದರ್ಶನಕ್ಕೆ ಅಡ್ಡವಾದ ಆವರಣ, ಅದು ಹೋದದ್ದೇ ಲಾಭ. ತತ್ತ್ವದೃಷ್ಟಿಯಿಂದ ಇದು ಸುಂದರವಾದ ಸಮನ್ವಯ. ಆದರೆ ಆ ಹೆಣ್ಣಿನ ನೋವು ಎಲ್ಲಿ ಹೋಯಿತು? ಇರುಳಿನಲ್ಲಿ ಒಂಟಿಯಾಗಿ ಹೊರಟವಳ ಮೇಲೆ ಊರಿನ ಅಧಿಕಾರ ಎತ್ತಿದ ಕೈಯನ್ನು ಕಾವ್ಯ ಯಾವ ಸಮಾಧಾನವನ್ನೂ ಹೇಳದೆ ನಮ್ಮ ಮುಂದಿಟ್ಟಿದೆ. ಗೂಢಾರ್ಥ ಇಲ್ಲಿ ವಾಚ್ಯಾರ್ಥವನ್ನು ಬೆಳಗುವ ಬದಲು ಮುಚ್ಚಿಬಿಟ್ಟಿತು. ಕಾವ್ಯ ಕೊಟ್ಟ ಗಾಯವನ್ನು ವ್ಯಾಖ್ಯಾನ ಅಳಿಸಿದರೆ, ಅದು ಎಷ್ಟೇ ಪವಿತ್ರವಾದುದನ್ನು ಬದಲಿಗೆ ತಂದಿರಲಿ, ನಾವು ಕಳೆದುಕೊಂಡದ್ದೇ ಹೆಚ್ಚು.

ವಾಚ್ಯಾರ್ಥದ ಪರ ನಿಂತವರು ಇಲ್ಲದಿರಲಿಲ್ಲ. ಮೊಪ್ಸುಯೆಸ್ತಿಯದ ಥಿಯೋಡೋರ್ ಎಂಬ ಧರ್ಮಾಧ್ಯಕ್ಷ, ಸೊಲೊಮೋನ ತನ್ನ ಐಗುಪ್ತದ ರಾಣಿಯ ಪರವಾಗಿ ಬರೆದ ಗೀತೆಯಿದು ಎಂದನು. 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನನ್ನು ಖಂಡಿಸಿತು. ಅವನ ವಿರುದ್ಧ ಓದಿದ ಉದ್ಧೃತಿಗಳಲ್ಲಿ ಈ ಅಭಿಪ್ರಾಯವೂ ಸೇರಿತ್ತು. ವಿಚಿತ್ರವೆಂದರೆ ಅದೇ ಸಭೆಯ ನಿರ್ಣಯಗಳಲ್ಲಿ, ಬೇರೆ ಕಾರಣಗಳಿಗಾಗಿ, ಓರಿಜನ್ನನ ಹೆಸರೂ ಖಂಡಿತರ ಸಾಲಿನಲ್ಲಿದೆ. ಮನುಷ್ಯ ಓರಿಜನ್ ತಿರಸ್ಕೃತನಾದ. ಅವನ ವ್ಯಾಖ್ಯಾನ ಮಾತ್ರ ಮಠಮಠಗಳಲ್ಲಿ ಸಾವಿರ ವರ್ಷ ಆಳಿತು.

ಆ ಪರಂಪರೆಯ ಶಿಖರ ಕ್ಲೇರ್ವೋ ಮಠದ ಬರ್ನಾರ್ಡ್. ಫ್ರಾನ್ಸಿನಲ್ಲಿ 1090ರಲ್ಲಿ ಹುಟ್ಟಿ, 1115ರಲ್ಲಿ ಆ ಮಠವನ್ನು ಸ್ಥಾಪಿಸಿ, 1153ರಲ್ಲಿ ತೀರಿಕೊಂಡವನು. 1135ರಿಂದ ಮರಣದವರೆಗೆ ಹದಿನೆಂಟು ವರ್ಷ ಪರಮಗೀತೆಯೊಂದನ್ನೇ ಹಿಡಿದು 86 ಪ್ರವಚನಗಳನ್ನು ರಚಿಸಿದನು. ಆದರೂ ಮೂರನೆಯ ಅಧ್ಯಾಯದ ಆರಂಭದ ಆಚೆಗೆ ಹೋಗಲಾಗಲಿಲ್ಲ. ಅವನ ಪಂಥದ ಹೊಯ್ಲೆಂಡಿನ ಗಿಲ್ಬರ್ಟ್ ಅದನ್ನು ಮುಂದುವರಿಸಿ ನಡುವೆ ತೀರಿಕೊಂಡನು. ಫೋರ್ಡ್ ಮಠದ ಜಾನ್ 120 ಪ್ರವಚನಗಳಲ್ಲಿ ಕಡೆಗೊಮ್ಮೆ ಮುಗಿಸಿದನು. ಮೂವರು ಮಠಾಧಿಪತಿಗಳ ಆಯುಷ್ಯ ತಿಂದ ಎಂಟು ಅಧ್ಯಾಯಗಳು!

ಬರ್ನಾರ್ಡನ ಶ್ರೋತೃಗಳು ಯಾರೆಂಬುದನ್ನು ನೆನಪಿಡಬೇಕು. ಅವನ ಸಿಸ್ಟರ್ಶಿಯನ್ ಪಂಥದಲ್ಲಿ ಮಕ್ಕಳನ್ನು ಮಠಕ್ಕೆ ಒಪ್ಪಿಸಿಕೊಳ್ಳುವ ಪದ್ಧತಿಯಿರಲಿಲ್ಲ. ಬಂದವರು ಪ್ರಾಯಕ್ಕೆ ಬಂದವರು. ಅವರಲ್ಲಿ ಯೋಧವರ್ಗದವರೂ ಇದ್ದರು, ಲೋಕವನ್ನೂ ಪ್ರೇಮದ ಹಾಡುಗಳನ್ನೂ ಅರಿತವರಿದ್ದರು. ಅವರ ಬಯಕೆಯನ್ನು ಅದುಮುವುದು ಬರ್ನಾರ್ಡನ ಉದ್ದೇಶವಾಗಿರಲಿಲ್ಲ, ಅದನ್ನು ತಿರುಗಿಸುವುದಾಗಿತ್ತು. ಕಾವ್ಯ ಮುತ್ತಿನ ಹಾರೈಕೆಯಿಂದ ಆರಂಭವಾಗುವುದಷ್ಟೆ. ಬರ್ನಾರ್ಡ್ ಅದನ್ನು ಮೂರಾಗಿ ವಿಂಗಡಿಸುತ್ತಾನೆ: ಪಶ್ಚಾತ್ತಾಪಪಡುವವನು ಪ್ರಭುವಿನ ಪಾದಗಳನ್ನು ಚುಂಬಿಸುತ್ತಾನೆ, ಮೇಲೆದ್ದು ನಡೆಯಕಲಿತವನು ಎತ್ತಿದ ಕೈಯನ್ನು ಚುಂಬಿಸುತ್ತಾನೆ, ಪೂರ್ಣನಾದವನಿಗೆ ಮಾತ್ರ, ಅದೂ ಅಪರೂಪಕ್ಕೆ, ಬಾಯಿಯ ಮುತ್ತು. ಇದನ್ನು ವಿವರಿಸುವ ಪ್ರವಚನದ ಮೊದಲಲ್ಲಿ, ಈ ದಿನ ನಾವು ಓದುವುದು ಅನುಭವವೆಂಬ ಪುಸ್ತಕವನ್ನು ಎಂಬರ್ಥದ ಮಾತನ್ನು ಹೇಳಿ, ಪ್ರತಿಯೊಬ್ಬನೂ ತನ್ನ ಅಂತಃಸಾಕ್ಷಿಯನ್ನು ಕೇಳಿಕೊಳ್ಳಲಿ ಎನ್ನುತ್ತಾನೆ. ಅನುಭಾವವನ್ನೇ ಪ್ರಮಾಣವೆಂದು ಬಗೆದ ಬಸವಾದಿ ಶರಣರ ಕಾಲವೂ ಇದೇ ಹನ್ನೆರಡನೆಯ ಶತಮಾನ. ಕ್ಲೇರ್ವೋದವರಿಗೆ ಕಲ್ಯಾಣದ ಸುದ್ದಿಯಾಗಲಿ, ಕಲ್ಯಾಣದವರಿಗೆ ಕ್ಲೇರ್ವೋದ ಸುದ್ದಿಯಾಗಲಿ ತಲುಪಿದ್ದಕ್ಕೆ ಆಧಾರವಿಲ್ಲ. ಯಾರು ಯಾರಿಂದ ಪಡೆದರೆಂಬ ಊಹಾಪೋಹ ವ್ಯರ್ಥ.

ಆದರೆ ಬರ್ನಾರ್ಡನ ನಿಜವಾದ ಹಿರಿಮೆಯನ್ನು ನಾವು ಮುತ್ತಿನ ವಿಂಗಡಣೆಯಲ್ಲಿ ಕಾಣುವುದಿಲ್ಲ, ಇಪ್ಪತ್ತಾರನೆಯ ಪ್ರವಚನದಲ್ಲಿ ಕಾಣುತ್ತೇವೆ. ವಧು ತನ್ನ ಕಪ್ಪನ್ನು ಕೇದಾರಿನ ಗುಡಾರಗಳಿಗೆ ಹೋಲಿಸುವ ಮಾತಿನ ವಿವರಣೆ ನಡೆದಿದೆ. ಗುಡಾರವೆಂದರೆ ಆತ್ಮ ಪರದೇಶಿಯಾಗಿ ತಂಗಿರುವ ದೇಹ ಎಂದು ಎಂದಿನಂತೆ ಆರಂಭಿಸುತ್ತಾನೆ. ಥಟ್ಟನೆ ಭಾಷ್ಯ ಮುರಿಯುತ್ತದೆ. ಅವನ ಒಡಹುಟ್ಟಿದ ಜೆರಾರ್ಡ್, ಅದೇ ಮಠದಲ್ಲಿ ಉಗ್ರಾಣದ ಹೊಣೆ ಹೊತ್ತಿದ್ದವನು, 1138ರಲ್ಲಿ ಆಗತಾನೆ ತೀರಿಕೊಂಡಿದ್ದಾನೆ. ಸಮಾಧಿಯ ಬಳಿ ಕಣ್ಣೀರಿಲ್ಲದೆ ನಿಂತು ವಿಧಿಗಳನ್ನೆಲ್ಲ ನೆರವೇರಿಸಿದ ಮಠಾಧಿಪತಿಗೆ ಪ್ರವಚನದ ನಡುವೆ ಇನ್ನು ತಡೆಯಲಾಗುವುದಿಲ್ಲ. ತಾನು ಪ್ರಾರ್ಥನೆ ಪ್ರವಚನಗಳಲ್ಲಿ ಮುಳುಗಿರಲು ಸಾಧ್ಯವಾಗುವಂತೆ ಲೌಕಿಕ ಭಾರವನ್ನೆಲ್ಲ ಹೊತ್ತವನು ಆತನೆಂದು ಅಳುತ್ತಾನೆ. ವೈರಾಗ್ಯ ಸಾಲದೆಂದು ಯಾರಾದರೂ ತನ್ನನ್ನು ದೂಷಿಸಿದರೆ ದೂಷಿಸಲಿ ಎನ್ನುತ್ತಾನೆ. ಪ್ರವಚನ ಮತ್ತೆ ಪರಮಗೀತೆಗೆ ಹಿಂದಿರುಗುವುದೇ ಇಲ್ಲ.

ಇದನ್ನು ಕೆಲವು ವಿಮರ್ಶಕರು ವಿಷಯಾಂತರವೆಂದು ಬಗೆಯಬಹುದು. ನಮ್ಮ ದೃಷ್ಟಿಯಲ್ಲಿ ಪರಮಗೀತೆಗೆ ಬರ್ನಾರ್ಡ್ ಬರೆದ ಅತ್ಯಂತ ಪ್ರಾಮಾಣಿಕ ಭಾಷ್ಯ ಇದೇ. ಉಳಿದೆಡೆ ಮಾನವಪ್ರೇಮ ದೇವಪ್ರೇಮಕ್ಕೆ ಬರಿಯ ಸಂಕೇತ. ಇಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನನ್ನು ಪ್ರೀತಿಸಿದ್ದು, ಅಗಲಿದ್ದು, ಅರಸಿದ್ದು ಯಾವುದರ ಸಂಕೇತವೂ ಆಗದೆ ತಾನೇ ತಾನಾಗಿ ನಿಂತಿದೆ. ಹಾಗೆ ನಿಂತದ್ದರಿಂದಲೇ, ಮುಂದೆ ವಧು ವರನನ್ನು ಅರಸುವ ಪ್ರವಚನಗಳಿಗೆ ಬಂದಾಗ ಆ ಅರಸುವಿಕೆಯಲ್ಲಿ ನಮಗೆ ನಂಬಿಕೆ ಹುಟ್ಟುತ್ತದೆ.

ಅದೇ ಬರ್ನಾರ್ಡ್ ಬೇರೊಂದು ಕಡೆ ನಮ್ಮನ್ನು ನಿರಾಶೆಗೊಳಿಸುತ್ತಾನೆ. ದ್ರಾಕ್ಷಿತೋಟ ಕೆಡಿಸುವ ಮರಿನರಿಗಳ ಪ್ರಸ್ತಾಪ ಎರಡನೆಯ ಅಧ್ಯಾಯದಲ್ಲಿದೆ. ಪ್ರೇಮಿಗಳ ಸರಸದ ನಡುವೆ ಬರುವ ತುಂಟ ಮಾತು ಅದು. ಕಲೋನ್ ನಗರದಲ್ಲಿ ಚರ್ಚಿನ ಅಧಿಕೃತ ಬೋಧೆಯನ್ನು ಒಪ್ಪದ ಜನರು ಸಿಕ್ಕಿಬಿದ್ದ ಸುದ್ದಿಯನ್ನು ಸ್ಟೈನ್‌ಫೆಲ್ಡಿನ ಎಬರ್ವಿನ್ ಬರೆದು ತಿಳಿಸಿದಾಗ, ಬರ್ನಾರ್ಡನ ಪಾಲಿಗೆ ಆ ನರಿಗಳು ಪಾಷಂಡಿಗಳಾದರು. ಅವರಲ್ಲಿ ಕೆಲವರನ್ನು ಜನರ ಗುಂಪು ಸುಟ್ಟುಹಾಕಿತ್ತು. ಶ್ರದ್ಧೆಯನ್ನು ಒಲಿಸಿ ತರಬೇಕಲ್ಲದೆ ಹೇರಬಾರದೆಂದು ಬರ್ನಾರ್ಡ್ ಅಲ್ಲಿ ಹೇಳುವುದು ನಿಜ. ಆದರೆ ಮಣಿಯದವರನ್ನು ಕತ್ತಿಯಿಂದ ತಡೆಯುವುದೇ ಮೇಲೆಂಬ ಮಾತನ್ನೂ ಸೇರಿಸದೆ ಬಿಡುವುದಿಲ್ಲ. ವಾಚ್ಯಾರ್ಥದ ಕಡಿವಾಣ ಕಳಚಿದ ರೂಪಕ ಯಾರ ಕೈಗೆ ಬೇಕಾದರೂ ಸಿಕ್ಕುವ ಆಯುಧ. ಪ್ರೇಮಕಾವ್ಯದಿಂದಲೂ ದ್ವೇಷವನ್ನು ಹಿಂಡಬಹುದೆಂಬುದಕ್ಕೆ ಈ ಎರಡು ಪ್ರವಚನಗಳು ಸಾಕ್ಷಿ.

ಮುಂದಿನ ಶತಮಾನಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ವಧುವನ್ನು ಮರಿಯಳೆಂದು ಓದಿದವರು ಉಂಟು. ಸುಧಾರಕನಾದ ಲೂಥರನಿಗೆ ಇದು ಸುಭಿಕ್ಷ ರಾಜ್ಯಕ್ಕಾಗಿ ಸೊಲೊಮೋನ ಸಲ್ಲಿಸಿದ ಕೃತಜ್ಞತೆಯಾಗಿ ಕಂಡಿತು. ಅದು ಎಲ್ಲ ವ್ಯಾಖ್ಯಾನಗಳಲ್ಲಿ ಅತ್ಯಂತ ನೀರಸವಾದುದೆಂದು ತೋರುತ್ತದೆ. 1544ರಲ್ಲಿ ಜಿನೀವದ ಕಾಸ್ಟೆಲ್ಲಿಯೋ ಇದನ್ನು ಬರಿಯ ಶೃಂಗಾರಗೀತೆಯೆಂದದ್ದೂ ಅವನಿಗೆ ಪಾದ್ರಿಪದವಿ ತಪ್ಪಲು ಒಂದು ಕಾರಣವಾಯಿತು. ಇಂಗ್ಲಿಷಿನ 1611ರ ಪ್ರಸಿದ್ಧ ಅನುವಾದದಲ್ಲಿ, ಧರ್ಮಸಭೆಗೆ ಕ್ರಿಸ್ತನ ಮೇಲಿರುವ ಪ್ರೀತಿ ಎಂಬ ಅರ್ಥದ ಸೂಚನೆಯನ್ನು ಅಧ್ಯಾಯದ ನೆತ್ತಿಯ ಮೇಲೆಯೇ ಅಚ್ಚುಹಾಕಿದರು. ಓದುಗನು ಕಾವ್ಯವನ್ನು ತಲುಪುವ ಮೊದಲೇ ಅರ್ಥ ಅವನನ್ನು ತಲುಪಿರುತ್ತಿತ್ತು.

ಸ್ಪೇನಿನಲ್ಲಿ ಮಾತ್ರ ಈ ಗೀತೆ ಪ್ರಾಣಸಂಕಟದ ವಿಷಯವಾಯಿತು. ಸಲಮಾಂಕ ವಿಶ್ವವಿದ್ಯಾಲಯದ ಲೂಯಿಸ್ ದೆ ಲಿಯೋನ್ ಎಂಬ ಆಗಸ್ಟಿನಿಯನ್ ಸನ್ಯಾಸಿ, ಒಬ್ಬ ಸನ್ಯಾಸಿನಿಯ ಓದಿಗೆಂದು ಪರಮಗೀತೆಯನ್ನು ಹೀಬ್ರೂವಿನಿಂದ ನೇರವಾಗಿ ಸ್ಪ್ಯಾನಿಷಿಗೆ ಅನುವಾದಿಸಿ, ಮೊದಲು ವಾಚ್ಯಾರ್ಥವನ್ನೇ ವಿವರಿಸಿದನು. ಗೂಢಾರ್ಥವನ್ನು ಅವನು ಅಲ್ಲಗಳೆಯಲಿಲ್ಲ. ಹೊರಗಿನ ಮಾತು ತಿಳಿಯದೆ ಒಳಗಿನದು ತಿಳಿಯದು ಎಂಬುದಷ್ಟೇ ಅವನ ನಿಲುವು. ದೇಶಭಾಷೆಗೆ ತಂದದ್ದೂ ಅವನ ಮೇಲಿನ ಆರೋಪಗಳಲ್ಲಿ ಒಂದಾಯಿತು. 1572ರಿಂದ 1576ರವರೆಗೆ ವಯ್ಯಾದೊಲಿದಿನ ಧರ್ಮವಿಚಾರಣೆಯ ಸೆರೆಮನೆಯಲ್ಲಿ ಕಳೆದು, ಕೊನೆಗೆ ಬಿಡುಗಡೆ ಹೊಂದಿದನು. ಅದೇ ಕಾಲದ ಆವಿಲದ ತೆರೇಸ ಪರಮಗೀತೆಯ ಕೆಲವು ಮಾತುಗಳ ಮೇಲೆ ತನ್ನ ಚಿಂತನೆಗಳನ್ನು ಬರೆದಾಗ, ಹೆಣ್ಣೊಬ್ಬಳು ಅದಕ್ಕೆ ಭಾಷ್ಯ ಬರೆಯುವುದು ಉಚಿತವಲ್ಲವೆಂದು ಗುರುವೊಬ್ಬನು ಸುಡಹೇಳಿದನು. ಆಕೆ ವಿಧೇಯಳಾಗಿ ಸುಟ್ಟಳು. ಸೋದರಿಯರ ಬಳಿ ಇದ್ದ ಪ್ರತಿಗಳಿಂದ ಕೃತಿ ಉಳಿಯಿತು. ಹೆಣ್ಣಿನ ದನಿಯೇ ಮೊದಲಿನಿಂದ ಕೊನೆಯವರೆಗೆ ಪ್ರಧಾನವಾಗಿರುವ ಒಂದು ಕಾವ್ಯದ ಬಗ್ಗೆ ಹೆಣ್ಣು ಬಾಯಿ ತೆರೆಯಬಾರದೆಂಬ ಆಜ್ಞೆ! ಅಷ್ಟು ಶತಮಾನ ಗಂಡಸರೇ ವಧುವಿನ ಪಾತ್ರ ವಹಿಸಿದ್ದಾಗ ಯಾರಿಗೂ ಅನೌಚಿತ್ಯ ಕಾಣಲಿಲ್ಲ.

ಇಲ್ಲಿ ನಮ್ಮ ಶರಣರ ಸ್ಮರಣೆ ಸಹಜವಾಗಿ ಬರುತ್ತದೆ. ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದ ಪುರುಷರು ಸತಿಭಾವದಲ್ಲಿ ನುಡಿದಂತೆಯೇ ಅಕ್ಕಮಹಾದೇವಿಯೂ ನುಡಿದಳು. ಆಕೆಯ ವಚನಗಳನ್ನು ಸುಡಹೇಳುವ ಗುರು ಕಲ್ಯಾಣದಲ್ಲಿರಲಿಲ್ಲ. ಆದರೆ ಇದಕ್ಕಿಂತ ಮೂಲಭೂತವಾದ ಭೇದವೊಂದಿದೆ. ವಚನದಲ್ಲಿ ಲಿಂಗವೇ ಪತಿಯೆಂಬ ಭಾವ ವಚನಕಾರನದೇ. ರೂಪಕ ಕಾವ್ಯದೊಡನೆ ಹುಟ್ಟಿದೆ, ಅಂಕಿತವೇ ಅದಕ್ಕೆ ಮುದ್ರೆ. ಪರಮಗೀತೆಯಲ್ಲಿ ರೂಪಕ ಓದುಗರದು; ಕಾವ್ಯ ಮೊದಲು, ಶತಮಾನಗಳ ಬಳಿಕ ಅರ್ಥ. ಆದ್ದರಿಂದ ಅಲ್ಲಿಯ ಭಾಷ್ಯಕಾರನಿಗೆ ಕಾವ್ಯದೊಡನೆ ಹೋರಾಟ ತಪ್ಪಿದ್ದಲ್ಲ. ಇದನ್ನೇ ನಮ್ಮ ಮೇಲ್ಮೆಯೆಂದು ಹಿಗ್ಗಬೇಕಾದುದೂ ಇಲ್ಲ. ಅಕ್ಕನ ವಿರಹದ ವಚನ ಬಂದೊಡನೆ ಇದು ಕೇವಲ ಆಧ್ಯಾತ್ಮಿಕ ಎಂದು ಅವಸರದಿಂದ ಸಮಾಧಾನ ಹೇಳಿ ಮುಂದೆ ಸಾಗುವ ನಮ್ಮ ಉಪನ್ಯಾಸಕರು ಗ್ರೆಗೊರಿಯ ಬಂಧುಗಳೇ.

ಕಾಲಚಕ್ರ ತಿರುಗಿ ಈಗ ವಾಚ್ಯಾರ್ಥವೇ ಗೆದ್ದಿದೆ. 1778ರಲ್ಲಿ ಜರ್ಮನಿಯ ಹೆರ್ಡರ್ ಇದನ್ನು ನಿರ್ಮಲವಾದ ಪ್ರೇಮಗೀತೆಗಳ ಮಾಲೆಯೆಂದು ಕೊಂಡಾಡಿದನು. ಪ್ರಾಚೀನ ಐಗುಪ್ತದ ಪ್ರೇಮಗೀತೆಗಳು ಬೆಳಕಿಗೆ ಬಂದು, ಅಲ್ಲಿಯೂ ನಲ್ಲೆಯನ್ನು ಸೋದರಿಯೆಂದು ಕರೆಯುವ ವಾಡಿಕೆ ತಿಳಿಯಿತು. 1973ರಲ್ಲಿ ಖಾಯಿಮ್ ರಬಿನ್ ಎಂಬ ಹೀಬ್ರೂ ವಿದ್ವಾಂಸರು ಪ್ರಾಚೀನ ತಮಿಳು ಅಗಂ ಕವಿತೆಗಳೊಡನೆ ಇದರ ಸಾಮ್ಯವನ್ನು ಎತ್ತಿ ತೋರಿಸಿ, ಸುಗಂಧದ್ರವ್ಯಗಳ ವ್ಯಾಪಾರದೊಡನೆ ಕಾವ್ಯಸಂಪ್ರದಾಯವೂ ಪಯಣಿಸಿರಬಹುದೆಂದು ಊಹಿಸಿದರು. ಊಹೆಯನ್ನು ಒಪ್ಪಿದವರು ಕಡಿಮೆ. ಆದರೂ ಪರಮಗೀತೆಯ ಹೆಣ್ಣು ಪೂಸಿಕೊಂಡ ಜಟಾಮಾಂಸಿ ಹಿಮಾಲಯದ ಬೇರು. ಅದರ ಹೀಬ್ರೂ ಹೆಸರು ಸಂಸ್ಕೃತದ ನಲದ ಶಬ್ದದಿಂದ ಬಂದದ್ದೆಂದು ನಿಘಂಟುಕಾರರು ಹೇಳುತ್ತಾರೆ. ಬರ್ನಾರ್ಡ್ ಅದನ್ನು ವಿನಯದ ಗಿಡವೆಂದು ಬಣ್ಣಿಸಿದಾಗ ಅದು ನಮ್ಮ ಬೆಟ್ಟದ್ದೆಂದು ಅವನು ಅರಿತಿದ್ದನೋ ಇಲ್ಲವೋ! 1978ರಲ್ಲಿ ಅಮೆರಿಕದ ಫಿಲಿಸ್ ಟ್ರಿಬಲ್, ಏದೆನ್ ತೋಟದಲ್ಲಿ ಕೆಟ್ಟುಹೋದ ಗಂಡುಹೆಣ್ಣಿನ ಸಂಬಂಧ ಈ ತೋಟದಲ್ಲಿ ಮತ್ತೆ ಚಿಗುರಿತೆಂದು ಬರೆದರು. ಗೂಢಾರ್ಥವಿಲ್ಲದೆಯೂ ಕಾವ್ಯ ಧರ್ಮಗ್ರಂಥದ ಭಾಗವಾಗಿ ನಿಲ್ಲಬಲ್ಲದೆಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಆದರೆ ಪಂಡಿತರ ಹೊಸ ಭಾಷ್ಯಗಳಲ್ಲಿ ಕೆಲವನ್ನು ಓದುವಾಗ ಬೇರೊಂದು ಬಗೆಯ ಬಡತನ ಕಾಣುತ್ತದೆ. ಪ್ರತಿ ಪದದ ವ್ಯುತ್ಪತ್ತಿಯುಂಟು, ಪ್ರತಿ ಹಣ್ಣಿನ ಸಸ್ಯಶಾಸ್ತ್ರವುಂಟು. ಈ ಹುಡುಗಿ ಏಕೆ ಹೀಗೆ ಅರಸುತ್ತಾಳೆ, ಸಿಕ್ಕವನು ಏಕೆ ಮತ್ತೆ ಮರೆಯಾಗುತ್ತಾನೆ ಎಂಬುದಕ್ಕೆ ಎಡೆಯಿಲ್ಲ. ಓರಿಜನ್, ಗ್ರೆಗೊರಿ, ಬರ್ನಾರ್ಡರು ಆ ಪ್ರಶ್ನೆಯನ್ನಾದರೂ ಬಿಡಲಿಲ್ಲ. ಆಸಕ್ತರಾದ ವಾಚಕರು ಮೊದಲು ಕನ್ನಡದ ಪರಮಗೀತೆಯನ್ನು ಯಾವ ಟಿಪ್ಪಣಿಯ ನೆರವೂ ಇಲ್ಲದೆ ಒಂದೇ ಸಲ ಕುಳಿತು ಓದಬೇಕು. ಅರ್ಧಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಬಳಿಕ ಬರ್ನಾರ್ಡನ ಮೂರನೆಯ ಮತ್ತು ಇಪ್ಪತ್ತಾರನೆಯ ಪ್ರವಚನಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಬಹುದು. ಕನ್ನಡದಲ್ಲಿ ಅವನ್ನು ತರುವ ಕೆಲಸವನ್ನು ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೊಂಡರೆ, ವಚನಗಳ ಪರಿಭಾಷೆ ಅವರಿಗೆ ಹೆಜ್ಜೆಹೆಜ್ಜೆಗೂ ಒದಗಿಬರುವುದು; ಎಚ್ಚರ ತಪ್ಪಿದರೆ ಅಷ್ಟೇ ದಾರಿತಪ್ಪಿಸುವುದು.